ಪಂಚಾಕ್ಷರಪ್ಪನವರೂ ಬಿಡದ ಬೋಲ್ಟೂ

ಶಿಕಾರಿಪುರದಿಂದ ಸೊರಬಕ್ಕೆ ಹೋಗುವ ರಸ್ತೆಯಲ್ಲಿ ಗ್ಯಾರೇಜಿಟ್ಟಿರುವ ಪಂಚಾಕ್ಷರಪ್ಪನವರು ಗಿರಾಕಿಗಳನ್ನು, ಅವರು ಎಂಥ ಸಾಹುಕಾರರೇ ಆಗಿರಲಿ, ಗದರಿಸಿಯೇ ಮಾತನಾಡಿಸುತ್ತಾರೆ. ತುಕ್ಕು ಹಿಡಿದು ಜಾಮ್ ಆದ ಬೋಲ್ಟಿಗೆ ಮಾತ್ರ "ಬರ್ರೀ, ಸ್ವಲ್ಪ ಬರ್ರೀ" ಎಂದು ಮನೆಯ ಹಿರಿಯರಿಗೆ ಸಲ್ಲುವ ಮರ್ಯಾದೆ. ಹಣೆಯ ವಿಭೂತಿಯ ಮೇಲೆ ಗ್ರೀಸಿನ ಬೆರಳಚ್ಚು, ತುಸು ಎಡಕ್ಕೆ ವಾಲಿದ ನಡಿಗೆ, ಎಂಥ ಸೆಕೆಯಲ್ಲೂ ಬಿಚ್ಚದ ಖಾಕಿ ಕೋಟು. ಆ ಕೋಟು ತೀರಿಹೋದ ತಮ್ಮ ಲೋಕೇಶನದು.

ಅವರ ಕೆಲಸಕ್ಕೊಂದು ಶಾಸ್ತ್ರವಿದೆ. ಬ್ರೇಕಿನ ಬೋಲ್ಟಿಗೆ ಎಣ್ಣೆ ಬಿಟ್ಟು, ಚಹಾ ಕುಡಿದು ಬಂದು, ಬಿಚ್ಚುವ ಮೊದಲು ಅದನ್ನು ಕೂದಲೆಳೆಯಷ್ಟು ಬಿಗಿ ಮಾಡುತ್ತಾರೆ; ತುಕ್ಕು ಚಿಟ್ಟೆಂದು ಒಡೆದ ಮೇಲೆಯೇ ಹಿಂದಕ್ಕೆ ತಿರುಗಿಸುತ್ತಾರೆ. ಅದೇ ಗ್ಯಾರೇಜಿನಲ್ಲಿ ಜೊತೆಗೆ ದುಡಿಯುತ್ತಿದ್ದ ಎಡಚ ಲೋಕೇಶನಾದರೋ ಬೋಲ್ಟು ಬಿಗಿದು ಮುಗಿದ ಮೇಲೂ ಎಡಗೈಯಲ್ಲಿ ಇನ್ನೊಂದು ಎಳೆತ ಎಳೆಯದೆ ಏಳುತ್ತಿರಲಿಲ್ಲ. "ಮುಂದೆ ಬಿಚ್ಚೋನ ಗತಿ ಏನೋ?" ಎಂದು ಅಣ್ಣ ದಿನವೂ ಬೈಯುತ್ತಿದ್ದರು. ಹೋದ ವರ್ಷ ಜ್ವರ ಬಂದು ಅವನು ಹೊರಟುಹೋದ.

ಅವನ ಕಾರು ಮಳೆಗಾಲವಿಡೀ ತಾಡಪಾಲಿನಡಿ ನಿಂತು ಚಕ್ರ ಹಿಡಿದುಕೊಂಡಿತ್ತು. ಚಂದ್ರಗುತ್ತಿಯ ಕಡೆ ನರ್ಸ್ ಆಗಿರುವ ಅವನ ಹೆಂಡತಿ ನೀಲಾಂಬಿಕ ಡ್ರೈವಿಂಗ್ ಕಲಿತು, ಇನ್ನು ಆ ಕಾರಿನಲ್ಲೇ ಕೆಲಸಕ್ಕೆ ಹೋಗುತ್ತೇನೆಂದು ಹಟ ಹಿಡಿದಳು. ಚಕ್ರ ಬಿಡಿಸಲು ಬ್ರೇಕಿನ ಬೋಲ್ಟು ಬಿಚ್ಚಬೇಕು; ಅದು ಒಳಗೇ ಮುರಿದರೆ ಲೋಕೇಶ ಕೊನೆಯದಾಗಿ ಕೈಯಾರೆ ಕೂಡಿಸಿದ ಬ್ರೇಕನ್ನು ಪೂರ್ತಿ ಕಿತ್ತೆಸೆಯಬೇಕು. ಅಣ್ಣನಿಗೆ ಅದು ಸುತರಾಂ ಬೇಡ.

ಮಟಮಟ ಮಧ್ಯಾಹ್ನ. ಬೈಕಿನ ಚೈನು ಸರಿಮಾಡಿಸಲು ಹೋದ ನಾನು ಅಲ್ಲೇ ಕೂತಿದ್ದೆ. ಪಂಚಾಕ್ಷರಪ್ಪನವರು ಪದ್ಧತಿಯಂತೆ ಕೊಂಚ ಬಿಗಿ ಮಾಡಿದರು. ಸ್ಪ್ಯಾನರ್ ಸಲೀಸಾಗಿ ತಿರುಗಿತು; ಅವರು ಕೈ ತೆಗೆದ ಮೇಲೂ ಒಂದಿಷ್ಟು ತಿರುಗಿತು. ಬಿಚ್ಚಹೋದರೆ ಕದಲಲಿಲ್ಲ. ಮತ್ತೆ ಹಿಂದಕ್ಕೆಳೆದರು, ಅದು ಬಿಗಿಯ ಕಡೆಗೇ ಸರಿಯಿತು. ನನಗೆ ನಿಜಕ್ಕೂ ಹೆದರಿಕೆಯಾಯಿತು.

"ಇದ್ರಾಗೆ ಅವನ ಕೈ ಐತಿ" ಎಂದರು, ಬೆವರು ಒರೆಸಿಕೊಳ್ಳದೆ. "ಇನ್ನೊಂದು ಎಳೆತಕ್ಕೆ ಮುರೀತೈತಿ."

ಕಾರಿಗಾಗಿ ಬಂದು ಕಾಯುತ್ತಿದ್ದ ನೀಲಾಂಬಿಕ ನೆಲಕ್ಕೆ ಕೂತು ಸ್ಪ್ಯಾನರಿನ ಮೇಲೆ ಅಂಗೈಯಿಟ್ಟಳು. "ನಿಧಾನಕ್ಕೆ ಓಡಿಸ್ತೀನ್ರೀ. ಇನ್ನು ಬಿಡ್ರೀ."

ಯಾರಿಗೆ ಹೇಳಿದಳೆಂದು ನಾವಿಬ್ಬರೂ ಕೇಳಲಿಲ್ಲ. ಬೋಲ್ಟು ಚಿಟ್ಟೆಂದಿತು. ಕಾಯಿಸಲು ಗ್ಯಾಸು ಹಚ್ಚಿರಲಿಲ್ಲ, ಸುತ್ತಿಗೆ ಮುಟ್ಟಿಸಿರಲಿಲ್ಲ. ಆದರೂ ಹೊರಬಂದಾಗ ಅದು ಈಗಷ್ಟೇ ಯಾರೋ ಹಿಡಿದು ಬಿಟ್ಟಂತೆ ಬೆಚ್ಚಗಿತ್ತು.

ಹೊಸ ಬೋಲ್ಟು ಕೂಡಿಸಿ ಎದ್ದ ಪಂಚಾಕ್ಷರಪ್ಪನವರು ಮತ್ತೆ ಕೂತು, ತಮ್ಮದಲ್ಲದ ಎಡಗೈಯ ಅಭ್ಯಾಸದಲ್ಲಿ, ಇನ್ನೊಂದು ಎಳೆತ ಎಳೆದರು. "ಅವಳು ಹೋಗೋದು ಇಳಿಜಾರು ದಾರಿ" ಎಂದರು, ನನ್ನ ಮುಖ ನೋಡದೆ. ಹಳೆಯ ಬೋಲ್ಟನ್ನು ಕೋಟಿನ ಎಡಜೇಬಿಗೆ ಇಳಿಬಿಟ್ಟರು. ಅಂದಿನಿಂದ ಅವರ ನಡಿಗೆ ಆ ಕಡೆಗೆ ಇನ್ನಷ್ಟು ವಾಲಿದೆ.

ಬಿಗಿದುದನ್ನು ಬಿಚ್ಚುವುದೇ ಕಸುಬಾದ ಇಂಥವರು ಲೋಕದ ಸಕಲ ಹಿಡಿತಗಳನ್ನೂ ಸಡಿಲಿಸಬಲ್ಲರು; ತಮ್ಮವರ ಹಿಡಿತವೊಂದು ಕೊನೆಗೂ ಸಡಿಲಿತೆನ್ನುವ ಹೊತ್ತಿಗೆ, ತಾವೇ ಇನ್ನೊಂದು ಎಳೆತ ಬಿಗಿದುಕೊಂಡು ಏಳುತ್ತಾರೆ.