ಆರನೇ ಕಿಂಡಿಯ ಕ್ಯಾಮೆರಾ

ಕಾಫಿ ಎಸ್ಟೇಟಿನ ಸಾಹುಕಾರ್ ವೆಂಕಟೇಶರು ಫೋನಿನಲ್ಲಿ "ಒಂದ್ಸಲ ಬಂದ್ಹೋಗು" ಎಂದಷ್ಟೇ ಹೇಳಿ ಇಟ್ಟುಬಿಟ್ಟಾಗಲೇ ಕಲ್ಲೇಶನಿಗೆ ಏನೋ ಎಡವಟ್ಟಾಗಿದೆ ಅನ್ನಿಸಿತು. ರಿಪೇರಿಗೆ ಕರೆಯುವವರು ಏನು ಕೆಟ್ಟಿದೆ ಅಂತ ಹೇಳುತ್ತಾರೆ. ವಿಚಾರಣೆಗೆ ಕರೆಯುವವರು ಬಾಯಿ ಬಿಡುವುದಿಲ್ಲ.

ಮೂಡಿಗೆರೆಯಿಂದ ಕೊಟ್ಟಿಗೆಹಾರದ ಕಡೆ ಬೈಕ್ ಓಡಿಸುವಾಗ ತಾನು ಮಾಡಿದ ಕೆಲಸವನ್ನೆಲ್ಲ ಒಂದೊಂದಾಗಿ ನೆನಪಿಸಿಕೊಂಡ. ಆಯುಧ ಪೂಜೆಯ ಹಿಂದಿನ ದಿನ ಆ ಎಸ್ಟೇಟಿನ ಆಫೀಸಿಗೆ ಹೊಸ ವೈರೆಳೆದು ಹೊಸ ಸ್ವಿಚ್ ಕೂರಿಸಿದ್ದ. ಲೈಟಿನ ಸ್ವಿಚ್ಚಲ್ಲ, ಕಂಪ್ಯೂಟರು, ಕ್ಯಾಮೆರಾ, ವೈಫೈಗಳ ವೈರೆಲ್ಲ ಬಂದು ಸಿಕ್ಕಿಕೊಳ್ಳುವ, ಸಾಲಾಗಿ ಕಿಂಡಿಗಳಿರುವ ಕಬ್ಬಿಣದ ಡಬ್ಬ. ಯಾವ ತಪ್ಪೂ ನೆನಪಾಗಲಿಲ್ಲ. ಅದರಿಂದ ಅನುಮಾನ ಇನ್ನೂ ಬಲಿಯಿತು.

ಆಫೀಸಿನ ಬಾಗಿಲಿಗೆ ಎಸ್ಟೇಟಿನ ಎಲೆಕ್ಟ್ರಿಷಿಯನ್ ಶಶಿಕಿರಣ್ ಒರಗಿ ನಿಂತಿದ್ದ. ಹಳೇ ಸ್ವಿಚ್ಚಿನ ಕೆಲಸವೆಲ್ಲ ಅವನದೇ ಆಗಿತ್ತು.

"ಬಂದ್ರು ನೋಡಿ, ಒಂಬತ್ತನೇ ಕ್ಲಾಸಿನ ಇಂಜಿನಿಯರ್ರು."

"ನೀನು ಹತ್ತು ಪಾಸಾದದ್ದು ಎಷ್ಟನೇ ಸಲಕ್ಕೆ ಮಾರಾಯ?" ಅಂದ ಕಲ್ಲೇಶ.

"ಸಾಕು," ಎಂದರು ವೆಂಕಟೇಶರು. ಕೂತ್ಕೋ ಅನ್ನಲಿಲ್ಲ. "ಗೋಡೌನಲ್ಲಿ ಹೋದ ವರ್ಷದ ಮೆಣಸು ಹಾಗೇ ಇದೆ, ರೇಟ್ ಬರ್ಲಿ ಅಂತ ಇಟ್ಟಿದೀನಿ. ಅದು ನಿಂಗೊತ್ತು. ನೀನು ಬಂದ್ಹೋದ ಮಾರನೇ ದಿನದಿಂದ ಆ ಗೋಡೌನ್ ಕ್ಯಾಮೆರಾ ಮಾತ್ರ ಟಿವಿಯಲ್ಲಿ ಕಪ್ಪು. ಬೇರೆ ಎಲ್ಲ ಕ್ಯಾಮೆರಾನೂ ಕಾಣ್ತಾವೆ. ಸ್ವಿಚ್ಚಿನ ಪಾಸ್‌ವರ್ಡ್ ಇರೋದು ನಿನ್ನೊಬ್ಬನ ಹತ್ರ. ನಾನು ಎಂತ ತಿಳ್ಕೊಳ್ಲಿ, ನೀನೇ ಹೇಳು."

"ಮೆಣಸು ಹೋಗಿದ್ಯಾ ಸಾರ್?"

"ಇನ್ನೂ ಹೋಗಿಲ್ಲ."

ಆ 'ಇನ್ನೂ' ಎಂಬ ಮಾತು ಕಲ್ಲೇಶನ ಎದೆಗೆ ನಾಟಿತು. ಇವರು ನಾಳೆ ಮೂಡಿಗೆರೆಗೆ ಹೋಗಿ ನಾಲ್ಕು ಜನ ಪ್ಲಾಂಟರ್‌ಗಳ ನಡುವೆ ಕಾಫಿ ಕುಡಿಯುತ್ತಾ 'ಆ ಹುಡುಗನ್ನ ಒಳಗೆ ಬಿಟ್ಕೋಬೇಡಿ' ಅಂದರೆ ಮುಗಿಯಿತು. ಕಳಸದಿಂದ ಆಲ್ದೂರಿನವರೆಗೆ ಅವನಿಗೆ ಒಂದು ಗೇಟೂ ತೆರೆಯುವುದಿಲ್ಲ. ಇವನಿಗಿರುವುದು ಅದೊಂದೇ ಕಸುಬು. ಕೋಪ ನೆತ್ತಿಗೇರಿದರೂ ನುಂಗಿಕೊಂಡು ಗೋಡೌನಿಗೆ ನಡೆದ.

ಸೂರಿನ ಕೆಳಗೆ ಕ್ಯಾಮೆರಾದ ಕೆಂಪು ದೀಪ ಉರಿಯುತ್ತಿತ್ತು. ಕ್ಯಾಮೆರಾಕ್ಕೆ ಜೀವ ಇದೆ, ಚಿತ್ರ ಮಾತ್ರ ಬರುತ್ತಿಲ್ಲ. ಕೆಟ್ಟಿದ್ದರೆ ದೀಪ ಆರಿರಬೇಕಿತ್ತು. ಇದು ಯಾರದೋ ಕೈವಾಡ ಎಂದು ಅವನಿಗೆ ಆಗಲೇ ಖಾತ್ರಿಯಾಯಿತು. ಯಾರದು ಅಂತಲೂ ಮನಸ್ಸಿನಲ್ಲಿ ಖಾತ್ರಿಯಾಗಿಬಿಟ್ಟಿತ್ತು.

ಆಫೀಸಿಗೆ ಬಂದು ಸ್ವಿಚ್ಚಿನ ಮೇಲಿದ್ದ ಒಣಗಿದ ಸೇವಂತಿಗೆಯನ್ನು ಸಿಡುಕಿನಿಂದ ಪಕ್ಕಕ್ಕೆ ತಳ್ಳಿ ಲ್ಯಾಪ್‌ಟಾಪ್ ಜೋಡಿಸಿದ. ವೆಂಕಟೇಶರು ಬೆನ್ನ ಹಿಂದೆಯೇ ಬಂದು ನಿಂತರು.

"ಏನು ಮಾಡ್ತಿದೀಯ, ಬಾಯಲ್ಲಿ ಹೇಳ್ತಾ ಮಾಡು."

"ಹಳೇದು ಬರೀ ಡಬ್ಬ ಸಾರ್. ಯಾವ ವೈರ್ ಯಾವ ಕಿಂಡಿಗೆ ಹಾಕಿದ್ರೂ ನಡೀತಿತ್ತು. ಅದ್ಕೇ ಹೋಮ್‌ಸ್ಟೇಗೆ ಬಂದೋರು ವೈಫೈ ಹಿಡ್ಕೊಂಡು ನಿಮ್ಮ ಕ್ಯಾಮೆರಾ, ಲೆಕ್ಕದ ಕಂಪ್ಯೂಟರ್ ತಂಕ ಬರಬಹುದಿತ್ತು. ಇದು ಹಾಗಲ್ಲ, ಮ್ಯಾನೇಜ್ಡ್ ಸ್ವಿಚ್ಚು. ಒಂದೇ ಡಬ್ಬದೊಳಗೆ ಮೂರು ಬೇಲಿ ಹಾಕಿದೀನಿ. ವಿಲ್ಯಾನ್ ಅಂತಾರೆ. ಆಫೀಸಿಂದು ಇಷ್ಟು ಕಿಂಡಿ, ಹೋಮ್‌ಸ್ಟೇದು ಇಷ್ಟು, ಕ್ಯಾಮೆರಾದ್ದು ಇಷ್ಟು. ಒಂದು ಬೇಲಿಯೊಳಗಿನ ಮಾತು ಇನ್ನೊಂದಕ್ಕೆ ಕೇಳಲ್ಲ."

"ಗೋಡೌನಿಂದು?"

"ಹದಿನೇಳನೇ ಕಿಂಡಿ." ಪರದೆಯ ಪಟ್ಟಿಯನ್ನು ಮೇಲಿನಿಂದ ಮತ್ತೊಮ್ಮೆ ಓದಿದ. ಪ್ರತಿ ಕ್ಯಾಮೆರಾಕ್ಕೂ ಕಾರ್ಖಾನೆಯಿಂದಲೇ ಬಂದ ಒಂದು ನಂಬರ್ ಇರುತ್ತದೆ; ಯಾವ ನಂಬರ್ ಯಾವ ಕಿಂಡಿಯಿಂದ ಮಾತಾಡುತ್ತಿದೆ ಅಂತ ಸ್ವಿಚ್ಚು ನೆನಪಿಟ್ಟುಕೊಳ್ಳುತ್ತದೆ. ಗೋಡೌನ್ ಕ್ಯಾಮೆರಾದ ನಂಬರ್ ಈಗ ಆರನೇ ಕಿಂಡಿಯಲ್ಲಿತ್ತು. ಹೋಮ್‌ಸ್ಟೇಯ ಬೇಲಿಯೊಳಗೆ ನಿಂತು ಪಾಪ ಒಂದೇ ಸಮನೆ ಚಿತ್ರ ಕಳಿಸುತ್ತಿತ್ತು, ಕೇಳುವವರಿರಲಿಲ್ಲ.

"ಪಾಸ್‌ವರ್ಡ್ ಹಾಕಿ ಯಾರೂ ಒಳಗೆ ಬಂದಿಲ್ಲ ಸಾರ್, ನಾನೂ ಬಂದಿಲ್ಲ. ಲಾಗ್ ನೋಡಿ, ಸ್ವಿಚ್ಚೇ ಬರ್ಕೊಂಡಿದೆ. ಹಬ್ಬದ ದಿನ ಬೆಳಿಗ್ಗೆ ವೈರೆಲ್ಲ ಒಂದೊಂದಾಗಿ ಕಳಚಿದೆ, ಆಮೇಲೆ ಒಂದೊಂದಾಗಿ ವಾಪಸ್ ಸೇರಿದೆ. ಕೈಯಲ್ಲೇ ಕಿತ್ತಿದಾರೆ." ತಿರುಗಿ ಬಾಗಿಲ ಕಡೆ ಬೆರಳು ಮಾಡಿದ. "ಈ ರೂಮಿನ ಕೀ ಅವನ ಹತ್ರ ಇರುತ್ತೆ. ಹಳೇದು ಕಿತ್ತು ಹಾಕಿದ್ದು ಅವನಿಗೆ ಉರಿ. ಶಶಿಕಿರಣ್ಣೇ ಸಾರ್!"

"ನಾನು ಪೂಜೆಗೆ ಪಂಪ್ ಶೆಡ್ಡಲ್ಲಿದ್ದೆ ಕಣೋ!" ಶಶಿಕಿರಣನ ಮುಖ ಕೆಂಪೇರಿತು.

"ಯಾರು ನೋಡಿದಾರೆ?"

ವೆಂಕಟೇಶರು ಈಗ ಶಶಿಕಿರಣನತ್ತ ತಿರುಗಿದರು. ಕಲ್ಲೇಶನನ್ನು ಇಷ್ಟು ಹೊತ್ತು ನೋಡಿದ್ದ ಅದೇ ನೋಟ. "ಕೀ ಕೊಡಿಲ್ಲಿ," ಎಂದು ಕೈ ಚಾಚಿದರು. ಹನ್ನೆರಡು ವರ್ಷದಿಂದ ಎಸ್ಟೇಟಿನಲ್ಲಿದ್ದವನು ಸೊಂಟದಿಂದ ಕೀ ಗೊಂಚಲು ಬಿಚ್ಚಿ ಮೇಜಿನ ಮೇಲಿಟ್ಟ. ಕಲ್ಲೇಶನಿಗೆ ಎದೆ ಹಗುರವಾಯಿತು.

ಗೆದ್ದವನ ಹುರುಪಿನಲ್ಲಿ ಆರನೇ ಕಿಂಡಿಯ ವೈರು ಎಳೆದ. ಅದರ ತುದಿಯ ಪ್ಲಾಸ್ಟಿಕ್ಕಿನಲ್ಲಿ ಕೆಂಪು ಪುಡಿ. ಕಿಂಡಿಯೊಳಗೂ ಕೆಂಪು. ಬೆರಳಿಗೆ ಹಚ್ಚಿಕೊಂಡು ಮೂಸಿದ. ಕುಂಕುಮ.

ಸರಿಯಾಗಿ ಆಗಲೇ ವೆಂಕಟೇಶರ ತಾಯಿ ರುಕ್ಮಿಣಮ್ಮ ಕಾಫಿ ಲೋಟ ಹಿಡಿದು ಒಳಗೆ ಬಂದರು. ಮೇಜಿನ ಮೇಲಿನ ಕೀ, ನೆಲಕ್ಕೆ ಬಿದ್ದಿದ್ದ ಸೇವಂತಿಗೆ, ಎರಡನ್ನೂ ನೋಡಿದರು.

"ಹೂ ಯಾಕೆ ಬೀಳ್ಸಿದ್ಯೋ? ಎಂತ ಗಲಾಟೆ ಇದು?"

"ಅಮ್ಮ, ಈ ಡಬ್ಬ ಯಾರಾದ್ರೂ ಮುಟ್ಟಿದ್ರಾ?" ಎಂದ ಕಲ್ಲೇಶ. ಕೇಳುವಾಗಲೇ ಅವನ ದನಿ ಕುಸಿದಿತ್ತು.

"ಯಾರಾದ್ರೂ ಏನು, ನಾನೇ ಮುಟ್ಟಿದ್ದು. ವರ್ಷಾ ವರ್ಷ ಆಯುಧ ಪೂಜೆಗೆ ಇದರ ವೈರೆಲ್ಲ ತೆಗ್ದು, ಒರೆಸಿ, ಕುಂಕುಮ ಇಟ್ಟು ವಾಪಸ್ ಸಿಕ್ಕಿಸ್ತೀನಿ. ಈ ಸಲ ಹೊಸದು ಬಂದಿದೆ ಅಂತ ಇನ್ನೂ ಚಂದ ಮಾಡ್ದೆ. ನೀಲಿ ವೈರೆಲ್ಲ ಒಂದ್ಕಡೆ, ಬಿಳೀದೆಲ್ಲ ಒಂದ್ಕಡೆ."

ಕ್ಯಾಮೆರಾಗಳಿಗೆಲ್ಲ ನೀಲಿ, ಹೋಮ್‌ಸ್ಟೇಗೆ ಬಿಳಿ. ಗೋಡೌನಿನ ಹೊತ್ತಿಗೆ ನೀಲಿ ರೋಲ್ ಮುಗಿದು ಬಿಳಿಯನ್ನೇ ಎಳೆದವನು ಕಲ್ಲೇಶ.

ವೆಂಕಟೇಶರು ಹೊಟ್ಟೆ ಹಿಡಿದು ನಕ್ಕರು. "ನಮ್ಮಮ್ಮನಾ! ಹಿಡ್ಕೊಡ್ಬೇಕಲ್ಲಪ್ಪ ಪೊಲೀಸರಿಗೆ!" ಅಲ್ಲಿಗೆ ಮಾತು ಮುಗಿಯಿತು. ಇಷ್ಟು ಹೊತ್ತು ಕಳ್ಳತನವಾಗಿದ್ದದ್ದು ಒಂದೇ ಗಳಿಗೆಯಲ್ಲಿ ತಮಾಷೆಯಾಗಿಬಿಟ್ಟಿತು. ಕಲ್ಲೇಶನಿಗೆ ತಪ್ಪಾಯ್ತು ಅನ್ನಲಿಲ್ಲ. ಶಶಿಕಿರಣನಿಗೂ ಅನ್ನಲಿಲ್ಲ; ಕೀ ಗೊಂಚಲನ್ನು ಮೇಜಿನ ಮೇಲೆ ಅವನ ಕಡೆ ಜಾರಿಸಿದರು, ಅಷ್ಟೆ. ಅವನು ಅದನ್ನೆತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟುಹೋದ.

ಕಲ್ಲೇಶ ವೈರನ್ನು ಹದಿನೇಳಕ್ಕೆ ಹಾಕಿದ. ಟಿವಿಯಲ್ಲಿ ಗೋಡೌನಿನ ಬಾಗಿಲು ಮೂಡಿತು.

"ಆ ಪಾಸ್‌ವರ್ಡು ನನ್ನ ಫೋನಿಗೆ ಹಾಕಿ ಹೋಗು," ಎಂದರು ವೆಂಕಟೇಶರು. "ನಂಬಿಕೆ ಇಲ್ಲ ಅಂತಲ್ಲ."

ರುಕ್ಮಿಣಮ್ಮ ಒಂದು ಪೊಟ್ಟಣ ಮನೆ ಕಾಫಿಪುಡಿ ತಂದು ಬ್ಯಾಗಿಗೆ ತುರುಕಿದರು. "ಬೈಕೋಬೇಡ ಕಣಪ್ಪ."

ಕೆಳಗೆ ಗೇಟಿನಲ್ಲಿ ಶಶಿಕಿರಣ್ ಅಡ್ಡ ನಿಂತಿದ್ದ.

"ಬ್ಯಾಗ್ ತೆಗಿ."

"ಸಾಹುಕಾರ್ರು ಹೇಳಿದ್ರಾ?"

"ಇಲ್ಲ. ನಾನು ಹೇಳ್ತಿರೋದು."

ಬಾಯಿಗೆ ಬಂದ ಬೈಗುಳ ಬಾಯಲ್ಲೇ ಉಳಿಯಿತು. ಮೇಜಿನ ಮೇಲೆ ಬಿದ್ದ ಕೀಗಳ ಸದ್ದು ಕಿವಿಯಲ್ಲಿತ್ತು. ಬೈಕ್ ನಿಲ್ಲಿಸಿ, ಬ್ಯಾಗಿನಲ್ಲಿದ್ದದ್ದನ್ನೆಲ್ಲ ಮೋರಿ ಕಟ್ಟೆಯ ಮೇಲೆ ಹರವಿದ. ಕಟರ್, ವೈರಿನ ತುಂಡು, ಲ್ಯಾಪ್‌ಟಾಪ್, ಊಟದ ಡಬ್ಬಿ. ಶಶಿಕಿರಣ್ ಡಬ್ಬಿಯ ಮುಚ್ಚಳವನ್ನೂ ಬಿಡದೆ ತೆಗೆದು ನೋಡಿದ. ಕೊನೆಗೆ ಪೊಟ್ಟಣ ಎತ್ತಿಕೊಂಡ.

"ಇದ್ಯಾರದ್ದು?"

"ಅಮ್ಮ ಕೊಟ್ರು."

"ಯಾರು ನೋಡಿದಾರೆ?"

ಕಲ್ಲೇಶ ತಲೆ ತಗ್ಗಿಸಿದ. "ಯಾರೂ ಇಲ್ಲ. ಹೋಗಿ ಕೇಳ್ಕೊಂಡು ಬಾ ಮಾರಾಯ. ಇಲ್ಲೇ ಇರ್ತೀನಿ."

ಶಶಿಕಿರಣ್ ಪೊಟ್ಟಣ ಹಿಡಿದು, ಅವಸರವೇ ಇಲ್ಲದೆ, ಏರು ದಾರಿ ಹತ್ತತೊಡಗಿದ. ಕಲ್ಲೇಶ ಬೈಕಿನ ಕೀ ಕಿತ್ತು ಕಟ್ಟೆಯ ಮೇಲಿಟ್ಟು, ಅದರ ಪಕ್ಕದಲ್ಲೇ ಕೂತ.