ಬಚ್ಚಲ ಹಿಂದಿನ ಬಾಳೆ

ಕಲಬುರಗಿಯ ಸರಕಾರಿ ಉದ್ಯಾನಕ್ಕೆ ಒಬ್ಬ ತೋಟದ ಮೇಸ್ತ್ರಿ ಬೇಕಾಗಿದ್ದ. ನನ್ನ ಉಸ್ತಾದ್ ಬುರ್ಹಾನುದ್ದೀನರ ಸನದು, ಕೆಲಸ ಬಲ್ಲವನೆಂಬ ಕಾಗದ, ಒಂದಿದ್ದರೆ ನೌಕರಿ ನನ್ನದೇ. ಎರಡು ವರ್ಷ ಅವರ ಕೈಕೆಳಗೆ ತೋಟ ಹಾಕುವ ಕಸುಬು ಕಲಿತಿದ್ದೆ. ನಕ್ಷೆ ಬರೆಯುವುದರಲ್ಲಿ ನನ್ನ ಬಿಟ್ಟರಿಲ್ಲ ಎಂಬ ಸೊಕ್ಕೂ ಬಂದಿತ್ತು.

"ಕಮಲಾಪುರದಾಗ ಅಂಬಮ್ಮ ಗೌಡ್ತಿಯವರ ಹಿತ್ತಲಾಗ ಒಂದು ತೋಟ ಹಾಕು, ನೀಲಕಂಠ. ನೋಡಿ ಸನದು ಬರೀತೀನಿ" ಎಂದರು ಉಸ್ತಾದ್.

ನಾನು ಹೋದಾಗ ಮನೆಮಂದಿಯೆಲ್ಲ ಮದುವೆಗೆಂದು ಊರು ಬಿಟ್ಟಿದ್ದರು. ಕಾವಲಿಗೆ ಆಳು ಹುಸೇನ ಒಬ್ಬನೇ. ಅಡ್ಡಬಾಯಿ ಹಾಕುವವರಿಲ್ಲವಲ್ಲ ಎಂದು ಖುಷಿಯೋ ಖುಷಿ. ಬಚ್ಚಲ ಗೋಡೆಯ ಹಿಂದೆ ಕೆಂಪು ಬಾಳೆಯ ಹಿಂಡೊಂದು ನನ್ನ ಚೌಕ ನಕ್ಷೆಯನ್ನು ಕೆಡಿಸುತ್ತಿತ್ತು. ಕೀಳಿಸಿ ಬೇಲಿಯ ಬದಿಗೆ ಹಚ್ಚಿಸಿದೆ. ಆ ಜಾಗಕ್ಕೆ ಗುಲಾಬಿ, ನಡುವೆ ಕೂಡಲು ಕಲ್ಲಿನ ಕಟ್ಟೆ. ಹುಸೇನ ಏನೋ ಹೇಳಲು ಬಾಯಿ ತೆರೆದ. "ನಿನಗೇನ್ ತಿಳೀತದ, ಅಗಿ" ಎಂದೆ.

ಎಂಟನೇ ದಿನ ಮನೆಮಂದಿ ಬಂದರು, ಜೊತೆಗೆ ಮೂವತ್ತು ಬೀಗರು. ಮರುದಿನ ಬೆಳಿಗ್ಗೆ ಎಲ್ಲರ ಜಳಕ. ಎಂಟು ದಿನ ಒಣಗಿದ್ದ ಬಚ್ಚಲ ಮೋರಿ ಭರ್ರನೆ ಹರಿಯಿತು. ಉಸ್ತಾದ್ ಬರುವ ಹೊತ್ತಿಗೆ ಗುಲಾಬಿಗಳು ಸೀಗೇಕಾಯಿ ನೊರೆಯಲ್ಲಿ ಮುಳುಗಿದ್ದವು. ಕಟ್ಟೆಯ ಕಡೆ ಹೆಜ್ಜೆ ಇಟ್ಟ ಉಸ್ತಾದರ ಚರ್ಮದ ಚಡಾವು ಕಾಲಿಂದ ಕಳಚಿ ಕೆಸರಲ್ಲೇ ಉಳಿಯಿತು.

"ಬಚ್ಚಲ ನೀರಿಗೆ ಬಾಳಿ ಹಚ್ಚೋದು ಸಣ್ಣ ಕೂಸಿಗೂ ಗೊತ್ತದ. ಯಾರು ಕಿತ್ತವ್ರು?"

ಹುಸೇನ ತಲೆ ತಗ್ಗಿಸಿ ನಿಂತಿದ್ದ. ಅವನ ಮೇಲೆ ಹಾಕಿದ್ದರೆ ನಡೆದುಹೋಗುತ್ತಿತ್ತು. ನಾಲಿಗೆ ತುದಿಗೂ ಬಂದಿತ್ತು, ಸುಳ್ಳೇಕೆ ಹೇಳಲಿ.

"ನಾನss ರೀ, ಉಸ್ತಾದ್. ಹುಸೇನ ಹೇಳಾಕ ಬಂದಿದ್ದ, ನಾ ಕೇಳಲಿಲ್ಲ."

"ಹಂಗಿದ್ರ ಸನದಿಲ್ಲ." ನಾನು ದನದ ಕೊಟ್ಟಿಗೆಗೆ ಹೋಗಿ ಅತ್ತೆ.

ಸಂಜೆಯೊಳಗೆ ಹುಸೇನನೂ ನಾನೂ ಕಟ್ಟೆ ಕಿತ್ತು ಬಾಳೆಯನ್ನು ತಿರುಗಿ ನೆಟ್ಟೆವು. ಮಾರನೇ ದಿನ ನಸುಕಿಗೇ ನಾನು ಮೋರಿಯ ಬಾಯಿಗೆ ಹೋಗಿ ಕುಕ್ಕರುಗಾಲಲ್ಲಿ ಕುಳಿತೆ. ಒಳಗೆ ತಂಬಿಗೆ ಸದ್ದಾಯಿತು, ನೀರು ಬಂತು. ಹಿಂದೆಯೇ ಅಂಬಮ್ಮ ಬಂದರು.

"ಏ ಭಾಡ್ಯಾ! ಹೆಣ್ಮಕ್ಕಳು ಜಳಕಾ ಮಾಡೋ ಹೊತ್ನ್ಯಾಗ ಇಲ್ಲೇನ್ ಮಾಡಾಕತ್ತೀದಿ?"

"ನೀರು ಎಲ್ಲೀತನಕಾ ಹೋಗ್ತದ ನೋಡಾಕತ್ತೀನ್ರೀ ಅವ್ವಾ!"

ಕೇಳುವವರಾರು? ಕಸಬರಿಗೆ ಎತ್ತಿದರು. ನಾನು ಓಡಿಹೋಗಿ ಬಿದ್ದದ್ದು ರಾತ್ರಿ ಅಲ್ಲೇ ಉಳಿದು ಈಗ ಅಂಗಳದಲ್ಲಿ ಚಹಾ ಕುಡಿಯುತ್ತಿದ್ದ ಉಸ್ತಾದರ ಮುಂದೆ. ನಡೆದದ್ದನ್ನು ಕೇಳಿ ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ನೀರಿನ ಹಾದಿ ನೋಡಾಕ ಮನೀ ಮಂದಿ ಬಡಿಯೋತನಕ ಅವರ ಹಿತ್ತಲಾಗ ಕುಂತಿಯಲ್ಲ ಬೇಟಾ, ಸಾಕು. ಕಾಗದಾ ತಾ, ಸನದು ಬರೀತೀನಿ" ಎಂದರು.