ಗೋದಲಿಯ ಹುಲ್ಲು

ಬೇಕರಿಯವನು ಚರ್ಚಿನ ಮೈಕನ್ನು ಬಾಯಿಗೆ ಅಂಟಿಸಿಕೊಂಡು, ಈ ವಾರ ಬೀದಿನಾಯಿಗಳಿಗೆ ಬನ್ನು ಹಾಕಿದೆ ಎಂದು ಹೇಳಿ, ಒಂದು ಹುಲ್ಲುಕಡ್ಡಿಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು ಗೋದಲಿಗೆ ಹಾಕಿದ. ಜನ ಚಪ್ಪಾಳೆ ತಟ್ಟಿದರು. ಕೊನೆಯ ಬೆಂಚಿನಲ್ಲಿ, ಅತ್ತೆಯ ಗಾಲಿಕುರ್ಚಿ ಹಿಡಿದು ಕೂತಿದ್ದ ದರ್ಜಿ ಅಕ್ಕನಿಗೆ ಮೈಯೆಲ್ಲ ಉರಿಯಿತು. ಬೂಷ್ಟು ಹಿಡಿದ ಬನ್ನನ್ನು ಬೀದಿಗೆ ಎಸೆದದ್ದಕ್ಕೂ ಚಪ್ಪಾಳೆಯೇ!

ಕ್ರಿಸ್ಮಸ್ಸಿಗೆ ಕಾಯುವ ಈ ಆಗಮನ ಕಾಲವೆಂದರೆ ಅವಳಿಗೆ ಪ್ರಾಣ. ಬಲಿಪೀಠದ ನೇರಳೆ ಬಟ್ಟೆ ಹೊಲಿಯುವವಳು ಅವಳೇ. ಅದರ ಮುಂದೆ ಹಸಿರೆಲೆಗಳ ಬಳೆ, ಬಳೆಯ ನಡುವೆ ವಾರಕ್ಕೊಂದರಂತೆ ಹಚ್ಚುವ ಮೇಣದಬತ್ತಿಗಳು. ಇವತ್ತು ಗುಲಾಬಿ ಬತ್ತಿಯ ಸರದಿ, ಸಂತೋಷದ ಭಾನುವಾರ. ಪಕ್ಕದಲ್ಲಿ, ಮೊದಲ ವಾರ ಖಾಲಿ ಇಡುವ ಗೋದಲಿ, ಅಂದರೆ ದನದ ಮೇವಿನ ತೊಟ್ಟಿ. ಯಾರಿಗಾದರೂ ಉಪಕಾರ ಮಾಡಿದವರು ಸದ್ದಿಲ್ಲದೆ ಬಂದು ಅದರಲ್ಲಿ ಒಂದು ಹುಲ್ಲುಕಡ್ಡಿ ಇಟ್ಟು ಹೋಗಬೇಕು; ಕ್ರಿಸ್ಮಸ್ ಹೊತ್ತಿಗೆ ಬಾಲಯೇಸುವಿಗೆ ಮೆತ್ತನೆಯ ಹಾಸಿಗೆಯಾಗಬೇಕು. ಯಾರು ಇಟ್ಟರೆಂದು ಯಾರಿಗೂ ಗೊತ್ತಾಗಬಾರದು, ಅದೇ ಅದರ ಚೆಂದ. ಈ ವರ್ಷ ಚರ್ಚಿನ ಸೆಕ್ರೆಟರಿಯ ಬುದ್ಧಿ ಓಡಿತು. ಹೇಳಿ ಹಾಕಿದರೆ ನಾಲ್ಕು ಜನಕ್ಕೆ ಮಾದರಿಯಾಗುತ್ತದಂತೆ. ಪಾದ್ರಿ, ಪಾಪ, ಹೂಂ ಎಂದುಬಿಟ್ಟರು. ಈಗ ನೋಡಿದರೆ ಹುಲ್ಲು ಗೋದಲಿಯ ಅಂಚು ಮೀರಿ ನೆಲಕ್ಕೆ ಚೆಲ್ಲುತ್ತಿತ್ತು. ಇಷ್ಟೊಂದು ಪುಣ್ಯವಂತರಿರುವ ಚರ್ಚಿನಲ್ಲಿ, ಬೆಳಿಗ್ಗೆ ಗಾಲಿಕುರ್ಚಿಯನ್ನು ಮೆಟ್ಟಿಲು ಹತ್ತಿಸಲು ಒಂದು ಕೈಯೂ ಮುಂದೆ ಬಂದಿರಲಿಲ್ಲ.

ಆ ಸೆಕ್ರೆಟರಿ ಅವಳ ಸ್ವಂತ ಭಾವ, ಅತ್ತೆಯ ಹಿರಿಯ ಮಗ. ಗಂಡ ತೀರಿಹೋದ ಮೇಲೂ ಅತ್ತೆಯನ್ನು ಎತ್ತಿ, ತೊಳೆದು, ಉಣಿಸಿಕೊಂಡು ಬಂದವಳು ದರ್ಜಿ ಅಕ್ಕ. ಅದಕ್ಕೆ ಅವಳ ತಕರಾರೇನೂ ಇರಲಿಲ್ಲ. ಆದರೆ ದೂರದೂರಿನಲ್ಲಿ ಮಗಳಿಗೆ ದಿನ ತುಂಬಿತ್ತು. ಮೊದಲ ಹೆರಿಗೆ, ಅಮ್ಮ ಬರದಿದ್ದರೆ ಆಗುವುದೇ ಇಲ್ಲ ಎಂದು ದಿನವೂ ಫೋನಿನಲ್ಲಿ ಅಳು. ಹೆರಿಗೆ ಮುಗಿಯುವವರೆಗೆ ಅತ್ತೆಯನ್ನು ಇಟ್ಟುಕೊಳ್ಳಿ ಎಂದು ಭಾವನ ಮನೆಗೆ ಹೋಗಿ ಕೇಳಿದ್ದಳು. ಹಬ್ಬಕ್ಕೆ ನೆಂಟರು ಬರುತ್ತಾರೆ ಎಂದು ಭಾವ ರಾಗ ಎಳೆದರು. ಓರಗಿತ್ತಿ ಹೊಸ ಸೋಫಾ ತೋರಿಸಿ, ಇದಕ್ಕೆ ಒಮ್ಮೆ ವಾಸನೆ ಹಿಡಿದರೆ ಹೋಗುವುದಿಲ್ಲ ಎಂದಳು. ಹೆತ್ತ ತಾಯಿಯ ವಾಸನೆ! ಥೂ ಎನ್ನಿಸಿ, ಅವರ ಮನೆಯ ನೀರನ್ನೂ ಮುಟ್ಟದೆ ಎದ್ದು ಬಂದಿದ್ದಳು.

ಈಗ ಭಾವ ಮೈಕಿನ ಮುಂದೆ ನಿಂತರು. ಬೇರೆಯವರೆಲ್ಲ ಒಂದೊಂದು ಕಡ್ಡಿ ಹಿಡಿದರೆ ಅವರ ಕೈಯಲ್ಲಿ ಒಂದು ಹಿಡಿ ಹುಲ್ಲಿತ್ತು.

"ನಾನು ಹೇಳಿಕೊಳ್ಳೋನಲ್ಲ. ಆದ್ರೂ ನಾಲ್ಕು ಜನಕ್ಕೆ ಮಾದರಿ ಆಗ್ಲಿ ಅಂತ ಹೇಳ್ತೀನಿ. ಹಾಸಿಗೆ ಹಿಡಿದಿರೋ ನಮ್ಮಮ್ಮನ ಸೇವೆ ಮಾಡೋ ಭಾಗ್ಯ ದೇವರು ನನಗೆ ಕೊಟ್ಟಿದ್ದಾನೆ."

ಬೆಂಚುಗಳಲ್ಲಿದ್ದ ತಲೆಗಳೆಲ್ಲ ಗಾಲಿಕುರ್ಚಿಯ ಕಡೆ ತಿರುಗಿದವು. ಕೆಲವು ಹೆಂಗಸರು ಕಣ್ಣೊರೆಸಿಕೊಂಡರು. ಅತ್ತೆಗೆ ಮಾತು ಪೂರ್ತಿ ಕೇಳಿಸಿತೋ ಇಲ್ಲವೋ, ಮಗನ ದನಿ ಕೇಳಿ ಬೊಚ್ಚುಬಾಯಿ ತೆರೆದು ನಕ್ಕರು. ಬೆಳಿಗ್ಗೆ ಬಳಿದು ತೊಳೆದ ಹೇಲು ಕೂಡ ದರ್ಜಿ ಅಕ್ಕನಿಗೆ ಇಷ್ಟು ಹೇಸಿಗೆ ಹುಟ್ಟಿಸಿರಲಿಲ್ಲ.

ಅವಳು ಎದ್ದಳು. ಹೊರಗೆ ಹೊರಟಾಗಲೆಲ್ಲ ಅತ್ತೆಯ ಚೀಲ ನೇತುಹಾಕುವ ಆ ಕುರ್ಚಿಯನ್ನು ನಡುದಾರಿಯಲ್ಲಿ ತಳ್ಳಿಕೊಂಡು ಗೋದಲಿಯವರೆಗೆ ಬಂದು, ಒಂದು ಮಾತು ಹೇಳಬಹುದೇ ಎಂದು ಪಾದ್ರಿಯನ್ನು ಕೇಳಿದಳು. ಪಾದ್ರಿ ಖುಷಿಯಿಂದ ತಲೆಯಾಡಿಸಿದರು. ಭಾವ ಬಿಡಲಾರದೆ ಮೈಕು ಬಿಟ್ಟುಕೊಟ್ಟರು.

"ಭಾವ ಹೇಳಿದ್ದು ಕೇಳಿ ಮನಸ್ಸು ಹಗುರ ಆಯ್ತು. ನನ್ನ ಮಗಳ ಹೆರಿಗೆ ಹತ್ರ ಬಂದಿದೆ, ನಾನು ಹೊರಡಬೇಕು. ಅತ್ತೇನ ಇವತ್ತೇ ಅವರ ಮನೆಗೆ ಕಳಿಸ್ತಿದ್ದೀನಿ. ಮಾತ್ರೆ, ಬಟ್ಟೆ ಎಲ್ಲ ಈ ಚೀಲದಲ್ಲಿದೆ."

ಈ ಸಲದ ಚಪ್ಪಾಳೆಗೆ ಮೇಣದಬತ್ತಿಯ ಉರಿಯೂ ಅಲುಗಾಡಿದಂತಾಯಿತು. ಭಾವ ನಗುಮುಖ ಬಿಡದೆ, ಹಲ್ಲು ಕಚ್ಚಿಕೊಂಡೇ ಪಿಸುಗುಟ್ಟಿದರು. "ಏನಿದು ನಾಟಕ? ಮನೇಲಿ ಮಾತಾಡೋಣ."

"ಮನೇಲಿ ಮಾತಾಡಿ ಆಯ್ತಲ್ಲ, ಭಾವ."

ಅವಳು ಅತ್ತೆಯ ಕಿವಿಗೆ ಬಗ್ಗಿ, ಮಗಳ ಹತ್ತಿರ ಹೋಗಿ ಬರುತ್ತೇನೆ, ಅಲ್ಲಿಯವರೆಗೆ ದೊಡ್ಡ ಮಗನ ಮನೆಯಲ್ಲಿರಿ ಎಂದಳು. ಅತ್ತೆಯ ನಗು ಇಳಿಯಿತು. ಮಗನನ್ನೊಮ್ಮೆ, ಸೊಸೆಯನ್ನೊಮ್ಮೆ ನೋಡಿದರು.

"ಇಟ್ಕೋತಾನಾ?"

ಸೊಸೆಯ ಕೈಯಲ್ಲಿದ್ದ ಮೈಕು ಆ ಮಾತನ್ನು ಮೂಲೆಮೂಲೆಗೂ ಮುಟ್ಟಿಸಿತು. ಚಪ್ಪಾಳೆ ನಿಂತುಹೋಯಿತು. ದರ್ಜಿ ಅಕ್ಕ ಕಣ್ಣು ಮುಚ್ಚಿದಳು. ಬೇಕರಿಯವನು ಕಡ್ಡಿ ಎತ್ತಿ ತೋರಿಸಿದಂತೆ ತಾನೂ ಈ ಮುದಿಜೀವವನ್ನು ಎಲ್ಲರಿಗೂ ತೋರಿಸಿದೆನಲ್ಲ ಎಂದು ಅವಳಿಗೆ ತನ್ನ ಮೇಲೂ ಅಸಹ್ಯವಾಯಿತು. ಆದರೆ ಕುರ್ಚಿಯ ಹಿಡಿಯನ್ನು ಮತ್ತೆ ಮುಟ್ಟಲಿಲ್ಲ.

"ಇಟ್ಕೋತೀನಮ್ಮ," ಎಂದರು ಭಾವ, ಜನರ ಕಡೆ ನೋಡುತ್ತ.

ಓರಗಿತ್ತಿ ಮುಂದಿನ ಬೆಂಚಿನಿಂದ ಎದ್ದು ಬರಬೇಕಾಯಿತು. ಹತ್ತಿರ ಬರುತ್ತಿದ್ದಂತೆ ಅವಳ ಕರ್ಚೀಫು ಮೂಗಿನತ್ತ ಹೊರಟು, ಅಷ್ಟೊಂದು ಕಣ್ಣುಗಳನ್ನು ಕಂಡು ಅರ್ಧದಲ್ಲೇ ನಿಂತಿತು. ಅದರಿಂದಲೇ ಅತ್ತೆಯ ಗಲ್ಲದ ಜೊಲ್ಲು ಒರೆಸಿದಳು. ಅತ್ತೆ ಆ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದು ಕೆನ್ನೆಗೆ ಒತ್ತಿಕೊಂಡರು. ಓರಗಿತ್ತಿ ಬಿಡಿಸಿಕೊಳ್ಳಲು ಮೆಲ್ಲಗೆ ಎಳೆದಳು. ಅತ್ತೆ ಬಿಡಲಿಲ್ಲ.